ಎಡೆ ಹೊಡೆಯುವ ಬೈಕಿನ ಟಿಣಿಟಿಣಿ ಸದ್ದು

ನಾನು ಗದಗ ಜಿಲ್ಲೆಯ ರೋಣ ತಾಲೂಕಿನವ. ಓದಿದ್ದು ಏಳನೇ ಇಯತ್ತೆ. 11 ಎಕರೆ ಎರೆಹೊಲ, ಪೂರಾ ಮಳೆಯ ಮೇಲೆ. ಎಂಜಿನ್ ಬಗ್ಗೆ ಬರೆಯುವಷ್ಟು ಓದು ನನಗಿಲ್ಲ. ಆದರೆ ಎಂಜಿನ್ನಿನ ಒಂದು ಸದ್ದನ್ನು ಅಲಕ್ಷ್ಯ ಮಾಡಿ 2023ರಲ್ಲಿ ಅರ್ಧ ಬೆಳೆ ಕಳೆದುಕೊಂಡೆ. ಮರುವರ್ಷ ಅದೇ ಸದ್ದಿನ ಬೆನ್ನುಹತ್ತಿ ಕಾರಣ ಹುಡುಕಿದೆ. ಹಳೆಯ ಬೈಕನ್ನು ಎಡೆಗಾಡಿ ಮಾಡಿಕೊಂಡ ರೈತರು ಈಗ ಊರಿಗೆ ಐದಾರು ಮಂದಿ ಇದ್ದಾರೆ. ಅವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಎತ್ತು ಹೋಗಿ ಬೈಕು ಬಂತು

2022ರ ಬೇಸಿಗೆಯಲ್ಲಿ ನನ್ನ ಜೋಡಿಯ ಒಂದು ಎತ್ತು ಸತ್ತಿತು. ಒಂಟಿ ಎತ್ತು ಇಟ್ಟುಕೊಂಡು ಏನು ಮಾಡೋದು? ಮಾರಿದೆ. ಹೊಸ ಜೋಡಿಗೆ ಲಕ್ಷದ ಮೇಲೆ ಬೇಕು. ಮೇಯಿಸಲು, ಮೈ ತೊಳೆಯಲು ಮನೆಯಲ್ಲಿ ಹುಡುಗರೂ ಇಲ್ಲ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನಸುಖಭಾಯಿ ಜಗಾನಿ ಎಂಬ ರೈತ 1994ರಲ್ಲಿಯೇ ಬುಲೆಟ್ ಮೋಟಾರ್‌ಸೈಕಲ್ಲಿನ ಹಿಂದಿನ ಗಾಲಿ ತೆಗೆದು, ಎರಡು ಗಾಲಿ ಮತ್ತು ಕುಂಟೆ ಜೋಡಿಸಿ ‘ಬುಲೆಟ್ ಸಾಂತಿ’ ಮಾಡಿದ್ದರು. ಈಗ ನಮ್ಮ ಕಡೆಯ ವೆಲ್ಡಿಂಗ್ ಅಂಗಡಿಯವರೂ ಅದೇ ತರಹದ ಗಾಡಿ ಮಾಡಿಕೊಡುತ್ತಾರೆ.

ನಾನೂ ಒಂದು ಹಳೆಯ 100 ಸಿಸಿ, ನಾಲ್ಕು ಸ್ಟ್ರೋಕಿನ ಬೈಕು ಕೊಟ್ಟು ಮಾಡಿಸಿದೆ. ಮುಂದೆ ಬೈಕಿನದೇ ಗಾಲಿ. ಹಿಂದೆ ನಾಲ್ಕು ಅಡಿ ಅಂತರದಲ್ಲಿ ಎರಡು ಗಾಲಿ. ಅದರ ಹಿಂದೆ ದಿಂಡು, ದಿಂಡಿಗೆ 14 ಇಂಚಿನ ಮೂರು ಕುಡ. ಎರಡು ಅಡಿ ಸಾಲಿನ ಗೋವಿನಜೋಳದಲ್ಲಿ ಒಂದೇ ಸಲಕ್ಕೆ ಮೂರು ಎಡೆ ಮುಗಿಯುತ್ತವೆ. ಒಂದು ತಾಸಿಗೆ ಹೆಚ್ಚುಕಡಿಮೆ ಒಂದು ಎಕರೆ.

ಗೆಜ್ಜೆ ಸದ್ದು ಅಂದುಕೊಂಡೆ

2023ರಲ್ಲಿ ಜೂನ್ ಮಳೆ ಕೈಕೊಟ್ಟಿತು. ಜುಲೈ ಮಳೆಗೆ ಏಳು ಎಕರೆ ಗೋವಿನಜೋಳ ಬಿತ್ತಿದೆ. ಆಗಸ್ಟಿನಲ್ಲಿ ಮತ್ತೆ ಆಕಾಶ ಬರಿದು. ಎರೆಹೊಲದವರಿಗೆ ಗೊತ್ತಿದೆ, ಇಂಥ ಹೊತ್ತಿನಲ್ಲಿ ಎಡೆ ಹೊಡೆಯುವುದು ಬರೀ ಕಸ ತೆಗೆಯಲಿಕ್ಕಲ್ಲ. ಮೇಲಿನ ಮಣ್ಣು ಸಡಿಲಾಗಿ ಬಿರುಕು ಮುಚ್ಚಿದರೆ ಒಳಗಿನ ಹಸಿ ಉಳಿಯುತ್ತದೆ. ಬಿರುಕು ಬಾಯಿಬಿಟ್ಟ ಮೇಲೆ ಕುಡ ಇಳಿಯುವುದೇ ಇಲ್ಲ. ಅದಕ್ಕೆ ಸಿಗುವುದು ನಾಲ್ಕೈದು ದಿನ ಮಾತ್ರ.

ಮೊದಲ ದಿನ ಅರ್ಧ ತಾಸು ಹೊಡೆಯುವಷ್ಟರಲ್ಲಿ ಎಂಜಿನ್ನಿನಿಂದ ಟಿಣಿಟಿಣಿ ಅಂತ ಸದ್ದು ಶುರುವಾಯಿತು. ಡಬ್ಬಿಯಲ್ಲಿ ಸಣ್ಣ ಛರಿ ಹಾಕಿ ಅಲುಗಾಡಿಸಿದ ಹಾಗೆ. ಎತ್ತಿನ ಗೆಜ್ಜೆ ಸದ್ದು ನೆನಪಾಯಿತು. ಚೈನು ಸಡಿಲಾಗಿರಬೇಕು ಅಂತ ಬಿಗಿ ಮಾಡಿ ಮುಂದೆ ನಡೆದೆ. ಮೂರನೆಯ ದಿನ ಮಧ್ಯಾಹ್ನ ಗಾಡಿ ಹಿಡಿದಂತಾಗಿ, ಭುಸ್ ಎಂದು ಹೊಗೆ ಬಿಟ್ಟು ನಿಂತಿತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ತಲೆಯಲ್ಲಿ ತೂತು. ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಆಗಿತ್ತು.

ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ ತರುವುದಕ್ಕೆ ಒಂಬತ್ತು ದಿನ ಹಿಡಿಯಿತು. ಖರ್ಚು 4,200 ರೂಪಾಯಿ. ಅಷ್ಟರಲ್ಲಿ ಹೊಲ ಬಿರುಕುಬಿಟ್ಟಿತ್ತು. ಎಡೆ ಹೊಡೆದ ನಾಲ್ಕು ಎಕರೆಗೆ 22 ಕ್ವಿಂಟಲ್ ಬಂತು. ಉಳಿದ ಮೂರು ಎಕರೆಗೆ ಐದೇ ಕ್ವಿಂಟಲ್. ಬರಗಾಲದ ವರ್ಷ ಹೌದು. ಆದರೂ ಆ ಮೂರು ಎಕರೆಯ ಲುಕ್ಸಾನಿನಲ್ಲಿ ನನ್ನ ಪಾಲೂ ಇತ್ತು.

2024ರ ಜುಲೈನಲ್ಲಿ ಹೊಸ ಪಿಸ್ಟನ್ ಹಾಕಿದ ಗಾಡಿಯನ್ನು ಹೊಲಕ್ಕೆ ಇಳಿಸಿದೆ. ಇಪ್ಪತ್ತೇ ನಿಮಿಷಕ್ಕೆ ಮತ್ತೆ ಅದೇ ಟಿಣಿಟಿಣಿ. ಆಗ ಎದೆ ಝಲ್ ಎಂದಿತು. ಪಿಸ್ಟನ್ ಬದಲಾಗಿತ್ತು, ಅದನ್ನು ಸುಟ್ಟ ಕಾರಣ ಹಾಗೇ ಇತ್ತು. ಗಾಡಿ ನಿಲ್ಲಿಸಿ ಮಿಸ್ತ್ರಿಯನ್ನು ಹೊಲಕ್ಕೇ ಕರೆತಂದೆ. ಎರಡು ಸಾಲು ಹೊಡೆಸಿ ಕೇಳಿ ಅವನು ಅಂದ: “ಕಾಕಾ, ಇದು ಚೈನಿನ ಸದ್ದಲ್ರೀ. ಇದಕ್ಕೆ ಪಿಂಗಿಂಗ್ ಅಂತಾರ. ಬೆಂಕಿ ಹೊತ್ತಲ್ಲದ ಹೊತ್ತಿನಾಗ ಬಡೀತೈತಿ.”

ಈ ಸದ್ದು ಯಾಕೆ ಬರುತ್ತದೆ?

ಪಿಸ್ಟನ್ ಮೇಲೇರುತ್ತಾ ಗಾಳಿ-ಪೆಟ್ರೋಲನ್ನು ಒತ್ತುತ್ತದೆ. ತುದಿ ಮುಟ್ಟುವ ಸ್ವಲ್ಪ ಮೊದಲು ಪ್ಲಗ್ ಕಿಡಿ ಕೊಡುತ್ತದೆ. ಬೆಂಕಿ ಪ್ಲಗ್ಗಿನ ಹತ್ತಿರ ಹುಟ್ಟಿ, ಆ ಕಡೆಯ ಗೋಡೆಯವರೆಗೆ ಹರಡುತ್ತಾ ಹೋಗಬೇಕು. ಆಗ ಪಿಸ್ಟನ್ನಿಗೆ ಬೀಳುವುದು ಒಂದೇ ಸಮನಾದ ನೂಕು. ಪಂಚಮಿ ಜೋಕಾಲಿ ಹಿಂದೆ ಬಂದು ತಿರುಗುವ ಹೊತ್ತಿಗೆ ನೂಕಿದರೆ ಹಗುರವಾಗಿ ಮೇಲೇರುತ್ತದೆಯಲ್ಲ, ಹಾಗೆ.

ಆದರೆ ಒಳಗೆ ವಿಪರೀತ ಬಿಸಿಯಾದರೆ, ಮೂಲೆಯಲ್ಲಿ ಇನ್ನೂ ಉರಿಯದ ಪೆಟ್ರೋಲು ಬೆಂಕಿ ಬರುವ ತನಕ ಕಾಯುವುದಿಲ್ಲ. ಒತ್ತಡಕ್ಕೂ ಶಾಖಕ್ಕೂ ತಾನೇ ಒಮ್ಮೆಲೇ ಸಿಡಿಯುತ್ತದೆ. ನೂಕು ಹೋಗಿ ಪೆಟ್ಟಾಗುತ್ತದೆ. ಜೋಕಾಲಿ ಇನ್ನೂ ನಮ್ಮ ಕಡೆ ಬರುತ್ತಿರುವಾಗಲೇ ಎದುರು ನೂಕಿದರೆ ಕೈಗೆ ಹೊಡೆತ ಬೀಳುವ ಹಾಗೆ. ಆ ಪೆಟ್ಟಿನದೇ ಟಿಣಿಟಿಣಿ. ಪೆಟ್ಟು ಬಿದ್ದಷ್ಟೂ ಪಿಸ್ಟನ್ ಕಾಯುತ್ತದೆ, ಕಾದಷ್ಟೂ ಪೆಟ್ಟು ಹೆಚ್ಚುತ್ತದೆ. ಕೊನೆಗೆ ತೂತು.

ಇದಕ್ಕೆ ಕಾರಣ ಆಗುವಂಥವು ಇಷ್ಟು: ಕಳಪೆ ಇಂಧನ, ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾಗುವುದು, ತಪ್ಪು ಪ್ಲಗ್, ಹೆಡ್ಡಿನಲ್ಲಿ ಕಟ್ಟಿದ ಕಾರ್ಬನ್, ಕಿಡಿ ಬೇಗ ಬೀಳುವುದು, ಎಂಜಿನ್ ತಂಪಾಗದಿರುವುದು, ಕಡಿಮೆ ವೇಗದಲ್ಲಿ ಹೆಚ್ಚು ಭಾರ ಎಳೆಸುವುದು.

ಮೊದಲು ಸದ್ದು ಗುರುತಿಸಿ

ಎಲ್ಲ ಸದ್ದೂ ಪಿಂಗಿಂಗ್ ಅಲ್ಲ. ನಾನು ಕಲಿತ ಗುರುತು ಹೀಗಿವೆ.

ಭಾರ ಎಳೆಯುತ್ತಾ ಆ್ಯಕ್ಸಿಲೇಟರ್ ಕೊಟ್ಟಾಗ ಬಂದು, ಕೈ ಸಡಿಲಿಸಿದ ತಕ್ಷಣ ನಿಂತರೆ ಅದು ಪಿಂಗಿಂಗ್. ಕುಂಟೆ ಮೇಲೆತ್ತಿ ಓಡಿಸಿದರೆ ಬರುವುದಿಲ್ಲ.

ಗಾಡಿ ನಿಂತಲ್ಲೇ ಚಾಲೂ ಇದ್ದಾಗಲೂ ಟಕಟಕ ಅಂದರೆ ಅದು ಟ್ಯಾಪೆಟ್ ಸದ್ದು.

ಕ್ಲಚ್ ಹಿಡಿದು ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿದ್ದರೂ ಸದ್ದು ನಿಂತರೆ ಚೈನು ಅಥವಾ ಗಾಲಿಯ ಕಡೆ ನೋಡಬೇಕು.

ಕೆಳಗಿನಿಂದ ದಪ್ಪಗೆ ಧಡ್ ಧಡ್ ಅಂದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರಬಹುದು. ಆಗ ಗಾಡಿ ಓಡಿಸಲೇಬಾರದು.

ಇನ್ನೊಂದು ಪರೀಕ್ಷೆ ಇದೆ. ಬಂಕಿನಲ್ಲಿ ಹೆಚ್ಚು ದರಕ್ಕೆ ಸಿಗುವ, ಹೆಚ್ಚು ಆಕ್ಟೇನಿನ ಪೆಟ್ರೋಲನ್ನು ಒಂದು ಲೀಟರ್ ಹಾಕಿ ಅದೇ ಹೊಲದಲ್ಲಿ ಅದೇ ಭಾರ ಎಳೆಸಿ ನೋಡುವುದು. ಸದ್ದು ಕಡಿಮೆಯಾದರೆ ಪಿಂಗಿಂಗ್ ಅಂತ ಖಾತ್ರಿ. ಆದರೆ ಇದು ಪರೀಕ್ಷೆಗೆ ಮಾತ್ರ. ದಿನಾ ಅದನ್ನೇ ಹಾಕಿದರೆ ಸದ್ದು ಮುಚ್ಚಿಹೋಗಬಹುದು, ಕಾರಣ ಒಳಗೇ ಉಳಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮಿಸ್ತ್ರಿಗೆ ಅವಸರ. ಎಲ್ಲ ಒಮ್ಮೆಲೇ ಬಿಚ್ಚಿ ಕೂಡಿಸೋಣ ಅಂದ. ನಾನು ಬೇಡ ಅಂದೆ. ಹೊಲಕ್ಕೆ ಒಂದೇ ದಿನ ಬೇರೆ ಬೀಜ, ಬೇರೆ ಗೊಬ್ಬರ ಎರಡೂ ಹಾಕಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಇದೂ ಹಾಗೇ. ಒಂದು ಬದಲಾವಣೆ ಮಾಡುವುದು, ಅದೇ ಪಟ್ಟಿಯಲ್ಲಿ ಆರು ಸಾಲು ಹೊಡೆಯುವುದು, ಸದ್ದು ಎಷ್ಟು ನಿಮಿಷಕ್ಕೆ ಬಂತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ದುಡ್ಡು ಖರ್ಚಾಗದ ಕೆಲಸ ಮೊದಲು, ಎಂಜಿನ್ ಬಿಚ್ಚುವ ಕೆಲಸ ಆಮೇಲೆ.

ಒಂದು: ಇಂಧನ

ಇಲ್ಲಿ ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಹಿಂದೆ ನಮ್ಮ ಬಾವಿಗೆ ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್ ಇತ್ತು. ಆ ರೂಢಿಯಲ್ಲಿ, ಹಳೆಯ ಡಬ್ಬಿಯಲ್ಲಿ ಉಳಿದಿದ್ದ ಸೀಮೆಎಣ್ಣೆಯನ್ನು ಎಡೆಗಾಡಿಯ ಪೆಟ್ರೋಲಿಗೆ ಸ್ವಲ್ಪ ಸ್ವಲ್ಪ ಬೆರೆಸುತ್ತಿದ್ದೆ. ಆ ಪಂಪಿನ ಎಂಜಿನ್ನುಗಳು ಕಡಿಮೆ ಒತ್ತುವಂಥವು, ಅದಕ್ಕೇ ಸೀಮೆಎಣ್ಣೆ ನಡೆಯುತ್ತಿತ್ತು. ಬೈಕಿನ ಎಂಜಿನ್ ಗಾಳಿ-ಪೆಟ್ರೋಲನ್ನು ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಒತ್ತುತ್ತದೆ. ಅಷ್ಟು ಒತ್ತಿದರೆ ಸೀಮೆಎಣ್ಣೆ ತಡೆಯುವುದಿಲ್ಲ, ಸಿಡಿಯುತ್ತದೆ.

ಸಿಡಿಯದೆ ತಡೆದುಕೊಳ್ಳುವ ಶಕ್ತಿಗೆ ಆಕ್ಟೇನ್ ಅನ್ನುತ್ತಾರೆ. ಬಿಎಸ್-6 ಸಾದಾ ಪೆಟ್ರೋಲಿಗೆ ಕನಿಷ್ಠ 91 ಇರಬೇಕು. ಸೀಮೆಎಣ್ಣೆಯದು ಅದರ ಹತ್ತಿರಕ್ಕೂ ಬರುವುದಿಲ್ಲ. ಹಿಂದೆ ಈ ಸದ್ದು ತಡೆಯಲಿಕ್ಕೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಅದು ವಿಷ ಎಂದು 2000ನೇ ಇಸವಿಯಲ್ಲಿ ನಮ್ಮ ದೇಶದಲ್ಲೆಲ್ಲ ನಿಲ್ಲಿಸಿದರು.

ಟಾಕಿ ಪೂರಾ ಖಾಲಿ ಮಾಡಿ ಬರೀ ಪೆಟ್ರೋಲ್ ಹಾಕಿದೆ. ಸದ್ದು 20 ನಿಮಿಷದ ಬದಲು 30 ನಿಮಿಷಕ್ಕೆ ಬಂತು. ಕಡಿಮೆಯಾಯಿತು, ಹೋಗಲಿಲ್ಲ.

ಎರಡು: ಗಾಳಿ ಮತ್ತು ಪ್ಲಗ್

ಪ್ಲಗ್ ಬಿಚ್ಚಿ ನೋಡಿದೆವು. ತುದಿ ಸುಣ್ಣದ ಹಾಗೆ ಬೆಳ್ಳಗೆ. ತಿಳಿ ಕಂದು ಬಣ್ಣ ಇದ್ದರೆ ಸರಿ. ಕಾಡಿಗೆಯಂತೆ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಇಲ್ಲವೆ ವಿಪರೀತ ಕಾವು. ಪ್ಲಗ್ಗಿನ ನಂಬರೂ ನಮ್ಮ ಗಾಡಿಗೆ ಹೇಳಿದ್ದಲ್ಲ. ಸರಿಯಾದ ನಂಬರಿನದು ತಂದು ಹಾಕಿದೆ. ಸದ್ದಿನಲ್ಲಿ ಫರಕು ಕಾಣಲಿಲ್ಲ.

ಆಮೇಲೆ ಗಾಳಿ ನೋಡಿದೆವು. ಹೊಸ ಚೌಕಟ್ಟಿಗೆ ಜಾಗ ಸಾಲದೆ, ಗಾಡಿ ಮಾಡಿದವರು ಏರ್ ಫಿಲ್ಟರಿನ ಡಬ್ಬಿಯನ್ನೇ ತೆಗೆದುಹಾಕಿದ್ದರು. ಕಾರ್ಬುರೇಟರ್ ಬಾಯಿ ತೆರೆದೇ ಇತ್ತು. ಎರೆಮಣ್ಣಿನ ಧೂಳು ನೇರ ಒಳಗೆ. ಗಾಳಿಗೂ ತಡೆ ಇಲ್ಲದ್ದರಿಂದ ಪೆಟ್ರೋಲಿನ ಪ್ರಮಾಣ ಕಡಿಮೆ ಬೀಳುತ್ತಿತ್ತು. ಹಳೆಯ ಡಬ್ಬಿಯನ್ನೇ ಹುಡುಕಿ, ಸೀಟಿನ ಕೆಳಗೆ ಎತ್ತರದಲ್ಲಿ ಕಟ್ಟಿ, ರಬ್ಬರ್ ಪೈಪಿನಿಂದ ಕಾರ್ಬುರೇಟರಿಗೆ ಜೋಡಿಸಿದೆವು.

ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರಿಗೆ ಸಾಬೂನು ನೀರು ಹಚ್ಚಿ ನೋಡಿ. ಗಾಡಿ ನಿಂತಲ್ಲೇ ಓಡುವಾಗ ಸದ್ದು ತಗ್ಗಿ ಏರಿದರೆ ಅಲ್ಲಿ ಸೀಳು ಇದೆ ಎಂದು ಅರ್ಥ. ನನ್ನದರಲ್ಲಿ ಸೀಳು ಇರಲಿಲ್ಲ.

ಈಗಿನ ಪೆಟ್ರೋಲಿನ ಬಗ್ಗೆ ಒಂದು ಮಾತು. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಬೆರೆಸುವ ಮಟ್ಟಕ್ಕೆ ಬಂದಿದ್ದೇವೆ. ಎಥೆನಾಲಿನ ಆಕ್ಟೇನ್ ಹೆಚ್ಚು, ಆ ಲೆಕ್ಕದಲ್ಲಿ ಅದು ಸದ್ದನ್ನು ತಡೆಯುತ್ತದೆ. ಆದರೆ ಅದರಲ್ಲೇ ಆಮ್ಲಜನಕ ಇರುವುದರಿಂದ, ಹಳೆಯ ಕಾರ್ಬುರೇಟರಿನಲ್ಲಿ ಗಾಳಿ ಹೆಚ್ಚಾದಂತೆಯೇ ಆಗುತ್ತದೆ. ಅದಕ್ಕೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿದೆವು. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದ ಕ್ಯಾನಿನಲ್ಲಿ ಪೆಟ್ರೋಲ್ ಇಡಬೇಡಿ. ಹಳೆಯ ರಬ್ಬರ್ ಪೈಪು ಮೆತ್ತಗಾಗಿದೆಯೇ ಅಂತಲೂ ನೋಡುತ್ತಿರಿ.

ಫಿಲ್ಟರ್ ಕಟ್ಟಿ ಒಂದು ಸಲ, ಜೆಟ್ ಹಾಕಿ ಇನ್ನೊಂದು ಸಲ ಹೊಡೆದು ನೋಡಿದೆ. ಎರಡೂ ಮುಗಿದ ಮೇಲೆ ಸದ್ದು 40 ನಿಮಿಷಕ್ಕೆ ಬಂತು. ಪ್ಲಗ್ಗಿನ ಬಣ್ಣ ಸುಧಾರಿಸಿತು.

ಮೂರು: ಕಾರ್ಬನ್ ಮತ್ತು ಟೈಮಿಂಗ್

ಧೂಳಿನಿಂದ ರಿಂಗ್ ಸವೆದಿದ್ದರೆ ಆಯಿಲ್ ಮೇಲೇರಿ ಉರಿದು ಕಾರ್ಬನ್ ಕಟ್ಟುತ್ತದೆ. ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಹೆಡ್ ಬಿಚ್ಚಿಸಿದಾಗ ತೆಳುವಾದ ಪದರ ಇತ್ತು. ಕಬ್ಬಿಣದ ಉಳಿಯಿಂದ ಕೆರೆಯಬಾರದು, ಅಲ್ಯುಮಿನಿಯಂ ಗೀರಿ ಹೋಗುತ್ತದೆ. ಸೀಮೆಎಣ್ಣೆ ಹಚ್ಚಿ ನೆನೆಸಿ ಕಟ್ಟಿಗೆ ಚೂರಿನಿಂದ ತೆಗೆದೆವು. ಸೀಮೆಎಣ್ಣೆ ಕಡೆಗೂ ಸರಿಯಾದ ಕೆಲಸಕ್ಕೆ ಬಂತು.

ಟೈಮಿಂಗ್ ಅನ್ನು ಮಿಸ್ತ್ರಿ ಲೈಟು ಹಿಡಿದು ಮ್ಯಾಗ್ನೆಟ್ಟಿನ ಗುರುತಿನಿಂದ ನೋಡಿದ. ಸರಿ ಇತ್ತು. ಮ್ಯಾಗ್ನೆಟ್ಟಿನ ಕೀಲಿ ಕತ್ತರಿಸಿದ್ದರೆ, ಅಥವಾ ಬೇರೆ ಗಾಡಿಯ ಸಿಡಿಐ ಹಾಕಿದ್ದರೆ ಇಲ್ಲಿ ತಪ್ಪುತ್ತದೆ. ಹಳೆಯ ಪಾಯಿಂಟ್ ಇರುವ ಗಾಡಿಯಾದರೆ ಪಾಯಿಂಟಿನ ಸಂದನ್ನೂ ಅಳೆಸಬೇಕು.

ಇಷ್ಟೆಲ್ಲ ಆದ ಮೇಲೂ 45 ನಿಮಿಷಕ್ಕೆ ಸದ್ದು ಬಂದೇ ಬಂತು.

ನಾಲ್ಕು: ಎಂಜಿನ್ನಿನ ನಡಿಗೆ

ಆ ರಾತ್ರಿ ಕುಳಿತು ಯೋಚಿಸಿದೆ. ಇದೇ ಎಂಜಿನ್ ರಸ್ತೆಯ ಮೇಲೆ ಹತ್ತು ವರ್ಷ ಈ ಸದ್ದಿಲ್ಲದೆ ಓಡಿತ್ತು. ಹಾಗಾದರೆ ನಾವು ಬದಲು ಮಾಡಿದ್ದೇನು?

ಮರುದಿನ ಹಿಂದಿನ ಗಾಲಿ ಎತ್ತಿ ಕಲ್ಲು ಕೊಟ್ಟು, ಪ್ಲಗ್ ತೆಗೆದು, ಒಂದನೇ ಗೇರಿಗೆ ಹಾಕಿದೆ. ಮ್ಯಾಗ್ನೆಟ್ಟಿನ ನಟ್ಟಿಗೆ ಪಾನಾ ಹಾಕಿ ತಿರುಗಿಸುತ್ತಾ ಎಣಿಸಿದೆ. ಗಾಲಿ ಒಂದು ಸುತ್ತು ಬರಲು ಎಂಜಿನ್ 45 ಸುತ್ತು. ಗಾಲಿಗೆ ದಾರ ಸುತ್ತಿ ಅಳೆದರೆ ಆರು ಅಡಿ. ಎಡೆ ಹೊಡೆಯುವಾಗ ನಿಮಿಷಕ್ಕೆ ಸುಮಾರು 240 ಅಡಿ ಸಾಗುತ್ತೇವೆ. ಅಂದರೆ ಗಾಲಿ 40 ಸುತ್ತು. 40ನ್ನು 45ರಿಂದ ಗುಣಿಸಿದರೆ 1,800.

ಮಿಸ್ತ್ರಿಗೆ ಲೆಕ್ಕ ಹೇಳಿದೆ. ಅವನು ತಲೆ ಮೇಲೆ ಕೈ ಇಟ್ಟುಕೊಂಡ. “ಕಾಕಾ, ಈ ಎಂಜಿನ್ ನಿಂತಲ್ಲೇ ಓಡೋದೇ ನಿಮಿಷಕ್ಕ 1,400 ಸುತ್ತು. ಅದಕ್ಕಿಂತ ಒಂದು ಚೂರು ಮ್ಯಾಲಿನ ವೇಗದಾಗ ಮೂರು ಕುಡ ಎಳಿಸಾಕ ಹತ್ತೀರಿ. ರಸ್ತಾದಾಗ ಇದು ನಾಕೈದು ಸಾವಿರದಾಗ ಎಳೀತಿತ್ತು.”

ಕಡಿಮೆ ಸುತ್ತಿನಲ್ಲಿ ಪೂರಾ ಆ್ಯಕ್ಸಿಲೇಟರ್ ಕೊಟ್ಟರೆ ಒಳಗೆ ತುಂಬುವ ಗಾಳಿ-ಪೆಟ್ರೋಲು ಹೆಚ್ಚು, ಪಿಸ್ಟನ್ ನಡಿಗೆ ನಿಧಾನ. ಮೂಲೆಯ ಪೆಟ್ರೋಲಿಗೆ ಸಿಡಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಎಳೆ ಹೋರಿಗೆ ಕಲ್ಲುಬಂಡಿ ಕಟ್ಟಿ, ಹೆಜ್ಜೆ ಎತ್ತಲು ಬಿಡದೆ ಬಾರಕೋಲು ಬೀಸಿದ ಹಾಗೆ.

ಎರಡನೆಯದು ತಂಪು. ಈ ಎಂಜಿನ್ನಿಗೆ ಫ್ಯಾನೂ ಇಲ್ಲ, ನೀರೂ ಇಲ್ಲ. ಎದುರು ಗಾಳಿಯೇ ತಂಪು. ರಸ್ತೆಯಲ್ಲಿ ತಾಸಿಗೆ 40 ಕಿಲೋಮೀಟರ್ ಗಾಳಿ ತಾಗುತ್ತಿತ್ತು. ಹೊಲದಲ್ಲಿ ನಮ್ಮ ನಡಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ಗಾಳಿ ಹತ್ತರಲ್ಲಿ ಒಂದು ಪಾಲಾಯಿತು. ಸಾಲದ್ದಕ್ಕೆ ಫಿನ್ನುಗಳ ಸಂದಿನಲ್ಲಿ ಆಯಿಲು, ಎರೆಮಣ್ಣು ಕೂಡಿ ಒಣಗಿ ಗಟ್ಟಿಯಾಗಿದ್ದವು. ಬಿಸಿಯಾದ ಮೇಲೇ ಸದ್ದು ಬರುತ್ತಿದ್ದ ಗುಟ್ಟು ಇದೇ.

ಮಾಡಿದ ದುರಸ್ತಿ

ಎಂಜಿನ್ನಿಗೂ ಹಿಂದಿನ ಅಚ್ಚಿಗೂ ನಡುವೆ ಒಂದು ಶಾಫ್ಟ್ ಕೂಡಿಸಿದೆವು. ಎರಡು ಬೇರಿಂಗ್, ಒಂದು 28 ಹಲ್ಲಿನ ಚಕ್ರ, ಒಂದು 14 ಹಲ್ಲಿನ ಚಕ್ರ, ಇನ್ನೊಂದು ಚೈನು. ಎಂಜಿನ್ನಿನ ಚೈನು 28 ಹಲ್ಲಿನದಕ್ಕೆ ಬರುತ್ತದೆ, 14 ಹಲ್ಲಿನದರಿಂದ ಗಾಲಿಯ ಚಕ್ರಕ್ಕೆ ಹೋಗುತ್ತದೆ. ಎಂಜಿನ್ನಿನ ಹಲ್ಲು 14 ಇದ್ದದ್ದರಿಂದ ಲೆಕ್ಕ ಸರಿಯಾಗಿ ಎರಡು ಪಟ್ಟು. ಈಗ ಗಾಲಿಯ ಒಂದು ಸುತ್ತಿಗೆ ಎಂಜಿನ್ 90 ಸುತ್ತು. ಅದೇ ನಡಿಗೆಗೆ ಎಂಜಿನ್ 3,600ರಲ್ಲಿ ಓಡುತ್ತದೆ. ಅರ್ಧ ಆ್ಯಕ್ಸಿಲೇಟರ್ ಸಾಕು.

ಇಷ್ಟಕ್ಕೇ ಸದ್ದು ಎರಡು ತಾಸಿನವರೆಗೆ ಬರಲಿಲ್ಲ. ಬಿರುಬಿಸಿಲಿನಲ್ಲಿ ಮಾತ್ರ ಒಮ್ಮೆ ಸಣ್ಣಗೆ ಕೇಳಿಸಿತು. ಆಗ ಫಿನ್ನುಗಳ ಸಂದನ್ನು ಕಟ್ಟಿಗೆ ಕಡ್ಡಿಯಿಂದ ಕೆರೆದು ತೊಳೆದೆ. ಕಾರಿನಲ್ಲಿ ಹಾಕಿಕೊಳ್ಳುವ 12 ವೋಲ್ಟಿನ ಸಣ್ಣ ಫ್ಯಾನನ್ನು ಎಂಜಿನ್ನಿನ ಮುಂದೆ ಕಟ್ಟಿ, ಗಾಳಿ ಹೆಡ್ಡಿಗೇ ಬೀಳುವಂತೆ ತಗಡಿನ ಮರೆ ಮಾಡಿದೆ. ಅದಕ್ಕೆ ಔಷಧ ಹೊಡೆಯುವ ಪಂಪಿನ ಬ್ಯಾಟರಿ. ರಾತ್ರಿ ಚಾರ್ಜ್ ಮಾಡಿದರೆ ಮೂರೂವರೆ ತಾಸು ನಡೆಯುತ್ತದೆ. ಆಮೇಲೆ ಟಿಣಿಟಿಣಿ ಕೇಳಿಲ್ಲ.

ಖರ್ಚು ಹೀಗೆ: ಫಿಲ್ಟರ್ ಮತ್ತು ಪೈಪು 350, ಜೆಟ್ 60, ಹೆಡ್ ಕೆಲಸ 700, ಶಾಫ್ಟ್-ಚೈನು-ವೆಲ್ಡಿಂಗ್ 3,400, ಫ್ಯಾನು-ತಗಡು 450. ಒಟ್ಟು 4,960 ರೂಪಾಯಿ. ಮೊದಲೇ ಗಾಲಿ ಎತ್ತಿ ಸುತ್ತು ಎಣಿಸಿದ್ದರೆ ಆ ಪಿಸ್ಟನ್ನೂ, ಮೂರು ಎಕರೆಯೂ ಉಳಿಯುತ್ತಿದ್ದವು. ಎಣಿಸಲಿಕ್ಕೆ ಬೇಕಾದದ್ದು ಒಂದು ಪಾನಾ ಮತ್ತು ಒಂದು ದಾರ, ಅಷ್ಟೇ.

ಎಚ್ಚರಿಕೆಗಳು

ಹೊಲದಲ್ಲಿ ಸದ್ದು ಬಂದರೆ ಮೊದಲು ಆ್ಯಕ್ಸಿಲೇಟರ್ ಸಡಿಲಿಸಿ, ಕುಂಟೆ ಎತ್ತಿ, ನೆರಳಿನಲ್ಲಿ ಕಾಲು ತಾಸು ನಿಲ್ಲಿಸಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡಬಹುದು. ಮಣ್ಣು ಗಟ್ಟಿ ಇದ್ದರೆ ನಡುವಿನ ಕುಡ ತೆಗೆದು ಎರಡರಲ್ಲಿ ಹೊಡೆಯಿರಿ. ಆಯಿಲನ್ನು ರಸ್ತೆ ಗಾಡಿಗಿಂತ ಬೇಗ ಬದಲಿಸಿ, ಫಿಲ್ಟರನ್ನು ದಿನಾ ಜಾಡಿಸಿ. ಎರಡೂ ಚೈನಿಗೆ ತಗಡಿನ ಮರೆ ಕಡ್ಡಾಯ. ಧೋತರದ ಚುಂಗು ಸಿಕ್ಕಿದರೆ ಕಾಲು ಹೋಗುತ್ತದೆ.

ಹೀಗೆ ಮಾರ್ಪಾಡು ಮಾಡಿದ ಗಾಡಿಯನ್ನು ರಸ್ತೆಗೆ ತರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಒಪ್ಪಿಗೆಯಿಲ್ಲದ ಮಾರ್ಪಾಡನ್ನು ತಡೆಯುತ್ತದೆ. ದೂರದ ಹೊಲಕ್ಕೆ ನಾನು ಟ್ರೇಲರಿನಲ್ಲಿ ಹೇರಿಕೊಂಡು ಹೋಗುತ್ತೇನೆ.

ಹೊಸದಾಗಿ ಗಾಡಿ ಮಾಡಿಸುವವರು ದುಡ್ಡು ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ಗಾಲಿಯ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು? ಏರ್ ಫಿಲ್ಟರ್ ಎಲ್ಲಿ? ಎಂಜಿನ್ನಿಗೆ ಗಾಳಿ ಎಲ್ಲಿಂದ? ಮೂರಕ್ಕೂ ಉತ್ತರ ಸಿಕ್ಕರೆ ಮಾಡಿಸಿ.

ಎತ್ತು ಏದುಸಿರು ಬಿಟ್ಟರೆ ನಾವು ನೊಗ ಇಳಿಸುತ್ತಿದ್ದೆವು. ಎಂಜಿನ್ನಿನ ಏದುಸಿರು ನನಗೆ ಗೆಜ್ಜೆ ಸದ್ದಾಗಿ ಕೇಳಿಸಿತ್ತು. ನಿಮಗೆ ಹಾಗಾಗದಿರಲಿ. ಇದಕ್ಕಿಂತ ಸುಲಭದ ಉಪಾಯ ಯಾರಾದರೂ ಮಾಡಿದ್ದರೆ ಇದೇ ಪತ್ರಿಕೆಗೆ ಬರೆದು ತಿಳಿಸಿ. ಮುಂಗಾರಿಗೆ ಮೊದಲು ನಾನೂ ಮಾಡಿ ನೋಡುತ್ತೇನೆ.